ಏನೂ ಅಲ್ಲದ್ದಕ್ಕೆ ಎರಡು ಗಂಟೆ

14 ಜುಲೈ 2024, ಭಾನುವಾರ

ಮಧ್ಯಾಹ್ನದಿಂದ ಕರೆಂಟಿಲ್ಲ. ಮಳೆ ಬಿಡುವ ಲಕ್ಷಣವೂ ಇಲ್ಲ. ಹಗ್ಗದ ಮೇಲಿನ ಬಟ್ಟೆಗೆ ಮುಗ್ಗಲು ವಾಸನೆ. ನಾಳೆ ಆಫೀಸಿಗೆ ಏನು ಉಟ್ಟುಕೊಂಡು ಹೋಗೋದೋ!

ಕಿಟಕಿ ಪಕ್ಕ ಕೂತು ಮತ್ತೆ ಆ ಚೌಕದ ಕಾಗದ ತೆಗೆದೆ. ಮೂರು ವಾರದಿಂದ ಇದೇ ಹುಚ್ಚು. ಜೆಂಟ್ಯಾಂಗಲ್ ಅಂತ ಹೆಸರು. ಅಮೆರಿಕದ ರಿಕ್ ರಾಬರ್ಟ್ಸ್, ಮರಿಯಾ ಥಾಮಸ್ ಸೇರಿ ಶುರು ಮಾಡಿದ್ದು. ಮೂರೂವರೆ ಇಂಚಿನ ಕಾಗದದ ಮೇಲೆ ಪೆನ್ಸಿಲ್‌ನಲ್ಲಿ ಒಂದು ಡೊಂಕು ಗೆರೆ ಎಳೆಯೋದು. ಅದರಿಂದಾದ ಒಂದೊಂದು ಪಾಲಿಗೂ ಪೆನ್ನಿನಲ್ಲಿ ಒಂದೊಂದು ವಿನ್ಯಾಸ ತುಂಬೋದು. ರಬ್ಬರ್ ಮುಟ್ಟೋ ಹಾಗಿಲ್ಲ. ಏಳನೇ ಕ್ಲಾಸಿನಲ್ಲಿ ನನ್ನ ಆನೆಯನ್ನು ಎಮ್ಮೆ ಅಂತ ಎಲ್ಲರ ಮುಂದೆ ನಕ್ಕಿದ್ದರಲ್ಲ, ಆಮೇಲೆ ಚಿತ್ರದ ಸುದ್ದಿಗೇ ಹೋಗಿರಲಿಲ್ಲ. ಇಲ್ಲಿ ಆನೆಯೇ ಇಲ್ಲ. ಅದಕ್ಕೇ ಧೈರ್ಯ ಬಂದಿದ್ದು.

ಅಮ್ಮ ಕಾಫಿ ತಂದು ಪಕ್ಕದಲ್ಲೇ ನಿಂತಳು.

‘ಎಂತದೇ ಇದು?’

‘ಏನೂ ಅಲ್ಲಮ್ಮ, ಸುಮ್ನೆ.’

‘ಏನೂ ಅಲ್ಲದ್ದಕ್ಕೆ ಎರಡು ಗಂಟೆಯಾ ಮಾರಾಯ್ತಿ?’

ಕನ್ನಡಕ ಹಾಕಿಕೊಂಡು ಕಾಗದವನ್ನು ಬೆಳಕಿಗೆ ಹಿಡಿದಳು. ಒಂದು ಮೂಲೆಯ ಅರ್ಧಚಂದ್ರಗಳ ಸಾಲನ್ನು ಬೆರಳಲ್ಲಿ ತೋರಿಸಿ, ‘ಇದು ನಮ್ಮ ಹಳೇ ಮನೆ ಹಂಚಲ್ಲವಾ?’ ಅಂದಳು. ನಾನು ಹಂಚು ಅಂತ ಹಾಕಿದ್ದೇ ಅಲ್ಲ. ಇನ್ನೊಂದು ಪಾಲು ಅವಳಿಗೆ ಅಕ್ಕಿ ಕೇರುವ ಮೊರದ ಹೆಣಿಗೆಯಾಗಿ ಕಂಡಿತು. ಅದೂ ಹೌದೇ ಹೌದು! ಆಮೇಲೆ ಮುಖ ಸಿಂಡರಿಸಿ, ‘ಆದರೆ ಎಲ್ಲಾ ಕಡೆ ತುಂಬಿಬಿಟ್ಟಿದ್ದೀಯ. ರಂಗೋಲಿ ಹಾಕುವಾಗ ನೆಲವೂ ಕಾಣಬೇಕಲ್ಲ’ ಅಂತ ಹೇಳಿ ಒಳಗೆ ಹೋದಳು. ಕಾಫಿಗೆ ಸಕ್ಕರೆ ಜಾಸ್ತಿಯಾಗಿತ್ತು.

ಸಿಟ್ಟು ಬಂತು. ಮತ್ತೆ ನೋಡಿದೆ. ನಿಜ, ಎಲ್ಲಾ ಒಂದೇ ಹದದ ಬೂದಿ ಬಣ್ಣ, ಉಪ್ಪು ಹಾಕದ ಸಾರಿನ ಹಾಗೆ.

ಹೊಸ ಕಾಗದ ತೆಗೆದುಕೊಂಡೆ. ಪೆನ್ನು ಅದೇ, 0.25 ಮಿಲಿಮೀಟರಿನದು. ಗೆರೆಗಳನ್ನು ಒತ್ತೊತ್ತಾಗಿ ಎಳೆದರೆ ಕಡುಬೂದಿ, ಬಿಡಿಬಿಡಿಯಾಗಿ ಎಳೆದರೆ ತಿಳಿಬೂದಿ. ಶೇಡಿಂಗ್ ಬರಲ್ಲ ಅಂತ ಇಷ್ಟು ವರ್ಷ ಹೆದರಿದ್ದು ಇದಕ್ಕಾ? ಈ ಸಲ ಡೊಂಕು ಗೆರೆಯ ಬದಲು ಹಳೇ ಮನೆಯ ಮಾಡು, ಬಾಗಿಲು, ಜಗುಲಿ ಎಳೆದೆ. ಮಾಡಿಗೆ ಅರ್ಧಚಂದ್ರ. ಗೋಡೆಗೆ ಒರಗಿದ ಮೊರಕ್ಕೆ ಹೆಣಿಗೆ. ಬಾಗಿಲ ಒಳಗೆಲ್ಲ ಪೂರ್ತಿ ಕಪ್ಪು. ಗೋಡೆಗೆ ಏನೂ ಹಾಕಲಿಲ್ಲ, ಕೈ ತುರಿಸುತ್ತಿದ್ದರೂ. ಮಾಡು ಸ್ವಲ್ಪ ವಾಲಿದೆ. ನಿಜವಾದ ಮಾಡೂ ವಾಲಿತ್ತು ಅಲ್ವಾ, ಮಾರುವ ಹೊತ್ತಿಗೆ.

ಅಮ್ಮನಿಗೆ ಇನ್ನೂ ತೋರಿಸಿಲ್ಲ. ತೋರಿಸಿದರೆ ಆ ಮನೆ ಮಾರಿದ ಕಥೆ ಶುರುವಾಗುತ್ತದೆ, ರಾತ್ರಿ ಊಟ ಮುಗಿಯೋದಿಲ್ಲ.

ಈಗ ಮಳೆಯದ್ದೇ ತಲೆನೋವು. ಮಾಡಿನ ಮೇಲೆ ಬೀಳುವ ಮಳೆಗೆ ಕಪ್ಪು ಗೆರೆ ಎಳೆದರೆ ಕೂದಲು ಉದುರಿದ ಹಾಗೆ ಕಾಣುತ್ತೆ. ಹಾಗಾದರೆ ಹಿಂದಿನ ಅಡಿಕೆ ಮರಗಳನ್ನೆಲ್ಲ ಕಪ್ಪು ಮಾಡಿ, ನಡುನಡುವೆ ಕಾಗದವನ್ನೇ ಸಣ್ಣಗೆ ಬಿಟ್ಟುಕೊಂಡು ಬಂದರೆ

ಕರೆಂಟ್ ಬಂತು. ದೋಸೆಗೆ ರುಬ್ಬಬೇಕು.