ನಿನ್ನೆಗೆ ‘ಆನ್’ ಯಾಕೆ ಬೇಡ?

ಅಂಕೋಲಾದಲ್ಲಿರುವ ಅಕ್ಕನ ಮಗಳು ರಜೆಗೆ ಕಾರವಾರಕ್ಕೆ ಬಂದವಳು ಇಂಗ್ಲಿಷ್ ನೋಟ್‌ಬುಕ್ ತಂದು ನನ್ನ ಮುಂದಿಟ್ಟಳು. ‘ಐ ವೆಂಟ್ ಟು ಗೋಕರ್ಣ ಆನ್ ಯೆಸ್ಟರ್ಡೇ’ ಅಂತ ಬರೆದಿದ್ದಳು, ‘ಆನ್’ ಮೇಲೆ ಕೆಂಪು ಗೆರೆ. ಕೆಳಗೆ ‘ಯೆಸ್ಟರ್ಡೇ ವಾಸ್ ಸಂಡೇ’ ಅನ್ನೋ ವಾಕ್ಯದಲ್ಲಿ ಯೆಸ್ಟರ್ಡೇಗೆ ಆಡ್ವರ್ಬ್ ಅಂತ ಗುರುತು ಹಾಕಿದ್ದಳು, ಅದೂ ತಪ್ಪು. “ಚಿಕ್ಕಿ, ಮೇಲೆ ಆಡ್ವರ್ಬ್, ಕೆಳಗೆ ನೌನ್ ಅಂತಾರೆ. ಶಬ್ದ ಒಂದೇ ಅಲ್ವಾ?”

ಒಳ್ಳೆಯ ಪ್ರಶ್ನೆ. ಸುಮ್ನೆ ಬಾಯಿಪಾಠ ಮಾಡು ಅನ್ನೋಕೆ ನನಗೆ ಮನಸ್ಸು ಬರಲಿಲ್ಲ.

ಮೀನಿನಿಂದ ಶುರು ಮಾಡಿದೆ. ‘ನಿನ್ನೆ ಬಂಗಡೆ ತಂದರು’ ಅಂದರೆ ಯಾವಾಗ ತಂದರು ಅಂತ ‘ನಿನ್ನೆ’ ಹೇಳ್ತದೆ, ಅದು ತಂದ ಕೆಲಸಕ್ಕೆ ಅಂಟಿಕೊಂಡಿದೆ, ಹಾಗಾಗಿ ಆಡ್ವರ್ಬ್. ‘ನಿನ್ನೆ ಭಾನುವಾರ ಆಗಿತ್ತು’ ಅಂದರೆ ಮಾತು ನಿನ್ನೆಯ ಬಗ್ಗೆಯೇ, ಹಾಗಾಗಿ ನೌನ್, ಅಂದರೆ ನಾಮಪದ. ‘ನಿನ್ನೆಯ ಬಂಗಡೆ ಬೇಡ’ ಅನ್ನುವಾಗ ನಿನ್ನೆಗೆ ‘ಯ’ ಸೇರಿತು, ಮನೆಯ ಬಾಗಿಲು ಅಂದ ಹಾಗೆ. ಇಂಗ್ಲಿಷಿನಲ್ಲೂ ‘ಯೆಸ್ಟರ್ಡೇಸ್ ಫಿಶ್’ ಅನ್ನಬಹುದು. ಆದರೆ ಸೂನ್, ರೀಸೆಂಟ್ಲಿ, ಆಲ್ರೆಡಿ ಇವುಗಳಿಗೆ ಆ ‘ಸ್’ ಅಂಟುವುದಿಲ್ಲ, ಅವು ಬರೀ ಆಡ್ವರ್ಬ್. ಹಾಗಾಗಿ ಶಬ್ದದ ಮುಖ ನೋಡಿ ಜಾತಿ ಹೇಳಬಾರದು, ಆ ವಾಕ್ಯದಲ್ಲಿ ಅದು ಏನು ಮಾಡ್ತಾ ಇದೆ ಅಂತ ನೋಡಬೇಕು.

ಇನ್ನು ಆ ‘ಆನ್’. ನಮ್ಮ ಕರಾವಳಿಯಲ್ಲಿ ಮಳೆಗಾಲದ ಮೀನುಗಾರಿಕೆ ನಿಷೇಧ ಜೂನ್ 1ರಂದು ಶುರುವಾಗಿ ಜುಲೈ 31ರವರೆಗೆ ಇರ್ತದೆ. ಆ ‘ರಂದು’ ಇದೆಯಲ್ಲ, ಅದು ಇಂಗ್ಲಿಷಿನ ಆನ್ ಮಾಡುವ ಕೆಲಸವನ್ನೇ ಮಾಡ್ತದೆ: ‘ಆನ್ ಜೂನ್ 1’. ಆದರೆ ನಿನ್ನೆಯಂದು ಬಂದೆ, ನಾಳೆಯಂದು ಬರ್ತೇನೆ ಅಂತ ನಾವು ಯಾರಾದರೂ ಅಂತೇವಾ? ಅವಳಿಗೆ ಇದನ್ನು ಹೇಳಿದ ಕೂಡಲೇ ತಿಳಿಯಿತು. ‘ಆನ್ ಮಂಡೇ’ ಸರಿ, ‘ಲಾಸ್ಟ್ ಮಂಡೇ’, ‘ಎವ್ರಿ ಮಂಡೇ’ ಅಂದಾಗ ಆನ್ ಬಿಡಬೇಕು, ಅದನ್ನೂ ಬರೆಸಿದೆ.

ನನಗೆ ಜಾಸ್ತಿ ಇಷ್ಟವಾದದ್ದು ಇದರ ಹಿಂದಿನ ಕಥೆ. ಟುಡೇ, ಟುನೈಟ್, ಟುಮಾರೋ ಇವುಗಳ ತಲೆಯಲ್ಲಿರುವ ‘ಟು’ ಒಂದು ಕಾಲದಲ್ಲಿ ಬೇರೆಯೇ ಶಬ್ದ. ಹಳೆಯ ಇಂಗ್ಲಿಷಿನಲ್ಲಿ ಅದರ ಅರ್ಥ ಇಲ್ಲಿ ಹೆಚ್ಚುಕಡಿಮೆ ಆನ್ ಅಂತಲೇ. 20ನೇ ಶತಮಾನದ ಆರಂಭದಲ್ಲೂ ಎಷ್ಟೋ ಜನ ನಡುವೆ ಗೆರೆ ಎಳೆದು ‘ಟು-ಡೇ’ ಅಂತ ಬರೆಯುತ್ತಿದ್ದರು. ಒಳಗೇ ಒಂದು ಆನ್ ಕೂತಿರುವಾಗ ಹೊರಗೆ ಇನ್ನೊಂದು ಯಾಕೆ? ಯೆಸ್ಟರ್ಡೇಯಲ್ಲಿ ಈ ಟು ಇಲ್ಲ, ಆದರೂ ಅದು ಇವುಗಳ ಜೊತೆಗೇ ನಡೀತದೆ.

ನಮ್ಮಲ್ಲೂ ಇದೇ ಆಗಿದೆ. ಬೆಳಗು ಅನ್ನೋದು ನಾಮಪದ, ಅದಕ್ಕೆ ‘ಗೆ’ ಸೇರಿ ಬೆಳಗ್ಗೆ. ‘ಬೆಳಗ್ಗೆ ಬಾ’ ಅನ್ನುವಾಗ ಆ ಗೆ ನಮಗೆ ಕೇಳಿಸುವುದೇ ಇಲ್ಲ, ಅದರ ಮೇಲೆ ಮತ್ತೊಂದು ಪ್ರತ್ಯಯ ಹಾಕಿ ‘ಬೆಳಗ್ಗೆಯಿಂದ ಮಳೆ’ ಅಂತೇವೆ!

ಅವಳು ಅಷ್ಟಕ್ಕೆ ಬಿಡಲಿಲ್ಲ, ಬಿಫೋರ್ ಬಗ್ಗೆ ಕೇಳಿದಳು. ಮಳೆಗಿಂತ ಮೊದಲು, ಮಳೆ ಬರುವ ಮೊದಲು, ಮೊದಲು ನೋಡಿದ್ದೆ. ಮೂರು ಕಡೆಯೂ ನಮ್ಮ ಮೊದಲು, ಅವರ ಬಿಫೋರ್. ಶಾಲೆಯಲ್ಲಿ ಇದಕ್ಕೆ ಕ್ರಮವಾಗಿ ಪ್ರಿಪೊಸಿಷನ್ (ಆನ್ ಥರದ್ದು), ಕಂಜಂಕ್ಷನ್ (ವಾಕ್ಯ ಜೋಡಿಸುವ ಶಬ್ದ), ಆಡ್ವರ್ಬ್ ಅಂತ ಮೂರು ಹೆಸರು ಕೊಡ್ತಾರೆ. 2002ರಲ್ಲಿ ಭಾಷಾತಜ್ಞರಾದ ಹಡಲ್‌ಸ್ಟನ್ ಮತ್ತು ಪುಲ್ಲಮ್ ಬರೆದ ದೊಡ್ಡ ಕೇಂಬ್ರಿಡ್ಜ್ ವ್ಯಾಕರಣ ಮೂರನ್ನೂ ಪ್ರಿಪೊಸಿಷನ್ ಅಂತಲೇ ಕರೀತದೆ, ಯೆಸ್ಟರ್ಡೇಯನ್ನು ಸರ್ವನಾಮಗಳ ಗುಂಪಿಗೆ ಸೇರಿಸ್ತದೆ. ನನಗೆ ಅದೇ ಸರಿ ಅನಿಸ್ತದೆ, ಯಾಕಂದ್ರೆ ‘ಅವನು’ ಅಂದರೆ ಯಾರು ಅಂತ ಮಾತಾಡುವ ಸಂದರ್ಭದಿಂದ ತಿಳಿಯುವ ಹಾಗೆ, ನಿನ್ನೆ ಯಾವ ದಿನ ಅನ್ನೋದೂ ಯಾವತ್ತು ಮಾತಾಡ್ತಾ ಇದ್ದೇವೆ ಅನ್ನೋದರ ಮೇಲೆ ನಿಂತಿದೆ. ಆದರೆ ಪರೀಕ್ಷೆಯಲ್ಲಿ ಮಾತ್ರ ಶಾಲೆಯ ಹೆಸರನ್ನೇ ಬರಿ ಅಂತ ಅವಳಿಗೆ ಹೇಳಿದ್ದೇನೆ.