ಡಾಗ್ ಪಾರ್ಕಿನಲ್ಲಿ ಕಚ್ಚಿಸಿಕೊಳ್ಳದ ಮರಿ

ನಾಯಿಗಳಿಗೆ ತರಬೇತಿ ಕೊಡುವುದು ನನ್ನ ಹೊಟ್ಟೆಪಾಡು. ಹೊಸಬರು ಫೋನ್ ಮಾಡಿದಾಗ ಒಂದು ಮಾತು ಬಂದೇ ಬರುತ್ತದೆ: "ಬೇರೆ ನಾಯಿ ಕಂಡರೆ ನಮ್ಮದು ವಿಪರೀತ ಬೊಗಳುತ್ತದೆ ಮೇಡಂ. ಬೇರೆ ನಾಯಿಗಳೊಂದಿಗೆ ಬೆರೆತು ಸೋಷಿಯಲೈಸ್ ಆಗಲಿ ಎಂದು ದಿನವೂ ಡಾಗ್ ಪಾರ್ಕಿಗೆ ಬಿಡುತ್ತಿದ್ದೇವೆ, ಆದರೂ ಕಡಿಮೆಯಾಗುತ್ತಿಲ್ಲ." ಕಡಿಮೆಯಾಗದಿರಲು, ನಾಯಿಗಳನ್ನು ಬಿಚ್ಚಿ ಆಡಲು ಬಿಡುವ ಆ ಪಾರ್ಕೇ ಕಾರಣವಿರಬಹುದು ಎಂದರೆ ಬಹಳ ಜನ ನಂಬುವುದಿಲ್ಲ. ಇನ್ನಷ್ಟು ನಾಯಿಗಳ ನಡುವೆ ಬಿಟ್ಟರೆ ತಾನಾಗಿಯೇ ಸರಿಹೋಗುತ್ತದೆ ಎಂಬ ನಂಬಿಕೆ ಅಷ್ಟು ಗಟ್ಟಿಯಾಗಿದೆ. ಆ ನಂಬಿಕೆ ಏನು ಮಾಡುತ್ತದೆ ಎಂಬುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಬೆಂಗಳೂರಿನ ಪೂರ್ವಕ್ಕಿರುವ ಒಂದು ದೊಡ್ಡ ಅಪಾರ್ಟ್‌ಮೆಂಟಿನಲ್ಲಿ ಭಾನುವಾರ ಬೆಳಗಿನ ಹೊತ್ತು ಪಾರ್ಕಿನ ಉಸ್ತುವಾರಿ ನನ್ನದು. ಕೊಳಚೆ ನೀರು ಶುದ್ಧೀಕರಿಸುವ ಘಟಕದ ಹಿಂದೆ, ಡೀಸೆಲ್ ಜನರೇಟರ್‌ಗಳ ಪಕ್ಕದಲ್ಲಿ, ಬೇರೆ ಯಾವುದಕ್ಕೂ ಬಾರದ ಮೂಲೆಗೆ ಬೇಲಿ ಹಾಕಿ, ಕೃತಕ ಹುಲ್ಲು ಹಾಸಿ, ನಾಯಿಗಳು ಹಾರಿ ದಾಟುವ ಬಣ್ಣದ ಬಳೆಗಳನ್ನೂ ನುಸುಳುವ ಸುರಂಗವನ್ನೂ ನಿಲ್ಲಿಸಿದ್ದರು. ಆ ಹುಲ್ಲು ಬೇಸಿಗೆಯಲ್ಲಿ ಹತ್ತು ಗಂಟೆಗೆಲ್ಲ ಕಾದು ನಾಯಿಯ ಅಂಗಾಲು ಸುಡುತ್ತದೆ, ಅಡಿಯಲ್ಲಿ ಮೂತ್ರ ನಿಂತು ನಾರುತ್ತದೆ. ಗೇಟು ಒಂದೇ. ಎರಡು ಗೇಟು ಬೇಕು, ನಡುವೆ ಒಂದು ನಾಯಿ ಮತ್ತು ಅದರ ಮನೆಯವರು ನಿಲ್ಲುವಷ್ಟು ಜಾಗ ಬೇಕು, ಸಣ್ಣ ನಾಯಿಗಳಿಗೆ ಬೇರೆ ಆವರಣ ಬೇಕು ಎಂದು ಮೊದಲೇ ಬರೆದುಕೊಟ್ಟಿದ್ದೆ. ಬಜೆಟ್ ಇಲ್ಲ ಎಂದರು. ಆಮೇಲೆ ಪಾರ್ಕಿನ ಹೆಸರು ಬರೆದ ದೊಡ್ಡ ಫಲಕ ಬಂತು, ಅದಕ್ಕೆ ದೀಪವೂ ಬಂತು. ಇದನ್ನು ಮರೆಯಲು ನನ್ನಿಂದ ಆಗಿಲ್ಲ.

ಜಗಳಗಳು ಹೆಚ್ಚಾಗಿ ಹುಟ್ಟುವುದು ಗೇಟಿನ ಬಾಯಲ್ಲಿ. ಹೊಸ ನಾಯಿ ಬಂತೆಂದರೆ ಒಳಗಿರುವ ಎಲ್ಲವೂ ಅಲ್ಲಿಗೆ ನುಗ್ಗುತ್ತವೆ. ಬಂದದ್ದು ಹಿಂದೆ ಸರಿಯುವಂತಿಲ್ಲ, ಬೆನ್ನಿಗೆ ಬೇಲಿ. ಲೀಶ್ ಕಟ್ಟಿದ್ದರಂತೂ ತಪ್ಪಿಸಿಕೊಳ್ಳುವ ದಾರಿಯೇ ಇಲ್ಲ.

ಆ ಭಾನುವಾರ ಒಳಗೆ ಬ್ರೂನೋ ಎಂಬ ಲ್ಯಾಬ್ರಡಾರ್, ಬಾಜಿ ಎಂಬ ಮುಧೋಳ ಬೇಟೆನಾಯಿ, ಒಂದು ಬೀಗಲ್, ಬೀದಿಯಿಂದ ತಂದು ಸಾಕಿದ ಎರಡು ಇಂಡಿಗಳು, ಬೆಂಚಿನ ಹತ್ತಿರ ಹನಿ ಎಂಬ 4 ತಿಂಗಳ ಗೋಲ್ಡನ್ ರಿಟ್ರೀವರ್ ಮರಿ ಇದ್ದವು. ಬಾಜಿ ಮತ್ತು ಬ್ರೂನೋ ಆಡುವುದನ್ನು ನೋಡಲು ಚೆಂದ. ಒಂದು ಸುತ್ತು ಇದು ಅಟ್ಟಿದರೆ ಮುಂದಿನ ಸುತ್ತು ಅದು ಅಟ್ಟುತ್ತದೆ. ನಡುನಡುವೆ ನಿಂತು ಪ್ಲೇ ಬೋ ಕೊಡುತ್ತವೆ (ಮುಂಗಾಲು ಬಗ್ಗಿಸಿ ಆಟಕ್ಕೆ ಕರೆಯುತ್ತವೆ), ಮೈ ಕೊಡವಿಕೊಳ್ಳುತ್ತವೆ, ಬಾಯಿ ಸಡಿಲವಾಗಿರುತ್ತದೆ. ಯಾವ ಚಿಂತೆಯೂ ಇಲ್ಲದೆ ಬಿಡಬಹುದಾದ ಜೋಡಿ ಅದು.

ಅಷ್ಟರಲ್ಲಿ ಲಡ್ಡು ಎಂಬ ಪೊಮೆರೇನಿಯನ್ ಬಂತು. ಮನೆಯವರು ಗೇಟಿನಲ್ಲೇ ಲೀಶ್ ಬಿಚ್ಚಿದರು. ಹನಿಯೊಂದನ್ನು ಬಿಟ್ಟು ಉಳಿದ ನಾಯಿಗಳೆಲ್ಲ ಅಲ್ಲಿಗೆ ನುಗ್ಗಿದವು. ಲಡ್ಡು ಬಾಲ ಮುದುರಿಕೊಂಡು ಬೇಲಿಯ ಅಂಚು ಹಿಡಿದು ಓಡಿತು, ಬಾಜಿ ಬೆನ್ನು ಹತ್ತಿತು. ಮೊದಲ ಸುತ್ತಿಗೇ ಲಡ್ಡುವಿನ ಮನೆಯವರು ಮೊಬೈಲ್ ತೆಗೆದು ವಿಡಿಯೊ ಶುರುಮಾಡಿದರು. "ನೋಡಿ ಮೇಡಂ, ಎಷ್ಟು ಬೇಗ ಹೊಂದಿಕೊಂಡ!" ಎಂದರು.

ಆ ಸುತ್ತಿನಲ್ಲಿ ಬಾಜಿಯ ಬಾಯಿ ಮುಚ್ಚಿತ್ತು. ಕಿವಿ ಹಿಂದಕ್ಕೆ ಅಂಟಿಕೊಂಡಿತ್ತು, ಕತ್ತು ನೆಲಕ್ಕೆ ಸಮವಾಗಿ ಚಾಚಿತ್ತು. ಬೊಗಳಲಿಲ್ಲ, ಗುರ್ರೆನ್ನಲಿಲ್ಲ, ನಡುವೆ ನಿಲ್ಲಲೂ ಇಲ್ಲ. ಬ್ರೂನೋ ಜೊತೆಗೆ ಅದನ್ನು ವಾರಗಟ್ಟಲೆ ನೋಡಿದ್ದ ನಾನು, ಆ ಪರಿಚಯದ ಭರವಸೆಯ ಮೇಲೆ ಈ ಓಟವನ್ನೂ ಆಟವೆಂದೇ ಓದಿದೆ. "ಅಟ್ಟುವ ನಾಯಿಯನ್ನು ಒಂದು ಕ್ಷಣ ಹಿಡಿದು ನಿಲ್ಲಿಸಿ, ಓಡುತ್ತಿದ್ದ ನಾಯಿ ತಾನಾಗಿ ಮರಳಿ ಬರುತ್ತದೆಯೇ ಎಂದು ನೋಡಿ. ಬಂದರೆ ಆಟ, ಬಾರದಿದ್ದರೆ ಅಲ್ಲಿಗೆ ನಿಲ್ಲಿಸಿ" ಎಂದು ತರಗತಿಗೆ ಬಂದವರಿಗೆಲ್ಲ ಹೇಳಿಕೊಡುವವಳು ನಾನೇ. ಅಂದು ಆ ಪರೀಕ್ಷೆ ಮಾಡಲು ಒಂದು ಸುತ್ತಿನಷ್ಟು ಸಮಯ ಇತ್ತು. ಎರಡನೆಯ ಸುತ್ತಿನ ನಡುವೆ ಬಾಜಿಯ ಹೆಸರು ಹಿಡಿದು ಕೂಗಿದೆ. ಮನೆಯೊಳಗೆ, ಕಾರಿಡಾರಿನಲ್ಲಿ, ಲಾನ್ ಮೇಲೆ ತಪ್ಪದೆ ಬರುತ್ತಿದ್ದ ರಿಕಾಲ್ (ಕೂಗಿದರೆ ಮರಳಿ ಬರುವುದು) ಅಲ್ಲಿ ಬರಲಿಲ್ಲ. ಬೇಟೆಯ ಓಟಕ್ಕೆ ಬಿದ್ದ ಮುಧೋಳಕ್ಕೆ ಕೂಗು ಕೇಳಿಸುವುದಿಲ್ಲ.

ಮೂಲೆಯಲ್ಲಿ ಲಡ್ಡು ತಿರುಗಲು ಜಾಗವಿಲ್ಲದೆ ಕಿರುಚಿತು. ಬಾಜಿ ಅದರ ಬೆನ್ನು ಹಿಡಿದು ಕೊಡವಿತು. ಇಂಡಿಗಳೂ ಬೀಗಲ್ಲೂ ಸುತ್ತ ನೆರೆದು ಬೊಗಳತೊಡಗಿದವು. ಲಡ್ಡುವಿನ ಮನೆಯವರು ನಡುವೆ ಕೈ ಹಾಕಿದರು. ಆ ಕೈಯನ್ನು ಕಚ್ಚಿದ್ದು ಬಾಜಿಯಲ್ಲ, ನೋವಿನಲ್ಲಿದ್ದ ಲಡ್ಡು. "ಎಳೆಯಬೇಡಿ, ಎಳೆಯಬೇಡಿ" ಎಂದು ನಾನು ಕಿರುಚುತ್ತಿದ್ದೆ. ಹಿಡಿತ ಬಿಡಿಸದೆ ಎಳೆದರೆ ಮಾಂಸ ಹರಿದು ಬರುತ್ತದೆ. ಹೌಸ್‌ಕೀಪಿಂಗಿನ ಅಕ್ಕ ಗಿಡಗಳಿಗೆ ನೀರು ಬಿಡುತ್ತಿದ್ದ ಪೈಪನ್ನು ನೇರವಾಗಿ ಬಾಜಿಯ ಮೂತಿಗೆ ಹಿಡಿದರು. ಯಾರೂ ಹೇಳಿಕೊಟ್ಟಿರಲಿಲ್ಲ. ಬಾಯಿ ಬಿಟ್ಟ ಗಳಿಗೆಯಲ್ಲಿ ನಾನು ಬಾಜಿಯ ಹಿಂಗಾಲುಗಳನ್ನು ಎತ್ತಿ ಹಿಂದಕ್ಕೆ ನಡೆಸಿದೆ, ಅದರ ಮನೆಯವರು ಲೀಶ್ ಹಾಕಿದರು. ಕೂಗಾಟ ಕೇಳಿ ಸಹಾಯಕ್ಕೆ ಓಡಿಬಂದ ಸೆಕ್ಯುರಿಟಿಯವರು ತೆರೆದ ಗೇಟಿನಿಂದ ಬೀಗಲ್ ಹೊರಗೆ ಹಾರಿ ಬೇಸ್‌ಮೆಂಟಿನ ಇಳಿಜಾರಿನ ಕಡೆಗೆ ಓಡಿತು. ಅಲ್ಲಿ ಆ ಹೊತ್ತಿಗೆ ಕಾರು ಬರಲಿಲ್ಲ ಎಂಬುದಷ್ಟೇ ನಮ್ಮ ಪುಣ್ಯ. ಎರಡನೆಯ ಗೇಟು ಇದ್ದಿದ್ದರೆ ಪುಣ್ಯವನ್ನು ನಂಬಿಕೊಂಡಿರಬೇಕಾಗಿರಲಿಲ್ಲ.

ಲಡ್ಡುವಿನ ದಟ್ಟ ಕೂದಲಿನ ನಡುವೆ ಹೊರಗೆ ಕಂಡದ್ದು ಸಣ್ಣ ತೂತುಗಳು. ಇಂಥ ಗಾಯವನ್ನು ನೋಡಿ ಅರಿಸಿನ ಹಚ್ಚಿ ಮನೆಗೆ ಹೋದವರನ್ನು ಕಂಡಿದ್ದೇನೆ. ಹಲ್ಲು ನೆಟ್ಟು ಕೊಡವಿದಾಗ ಚರ್ಮ ಮಾಂಸದಿಂದ ಕಳಚಿಕೊಳ್ಳುತ್ತದೆ, ಒಳಗೆ ಕೀವು ತುಂಬುತ್ತದೆ. ಪಶುವೈದ್ಯರು ಕೂದಲು ಬೋಳಿಸಿದಾಗಲೇ ಬೆನ್ನೆಲ್ಲ ಕಪ್ಪುಗಟ್ಟಿದ್ದು ಕಂಡದ್ದು. ಮನೆಯವರ ಕೈಯನ್ನು ಹರಿಯುವ ನಲ್ಲಿಯ ಕೆಳಗೆ ಹಿಡಿಸಿ ಸೋಪು ಹಾಕಿ 15 ನಿಮಿಷ ತೊಳೆಸಿದೆ. ಸ್ವಂತ ನಾಯಿ, ಲಸಿಕೆ ಆಗಿದೆ, ಏನೂ ಬೇಡ ಎಂದು ಅವರು ಹೇಳುತ್ತಲೇ ಇದ್ದರು. ಅದನ್ನು ತೀರ್ಮಾನಿಸಬೇಕಾದವರು ವೈದ್ಯರು ಎಂದು ಹಟಹಿಡಿದು ಆಸ್ಪತ್ರೆಗೆ ಕಳಿಸಿದೆ. ಲಡ್ಡು ಬದುಕಿತು.

ಸಂಜೆ ಫೆಸಿಲಿಟಿ ಮ್ಯಾನೇಜರ್ ಇನ್ಸಿಡೆಂಟ್ ರಿಪೋರ್ಟ್ ಕೇಳಿದರು. ಬರೆದು ಕಳಿಸಿದೆ: ಒಂದು ನಾಯಿಗೆ ಗಾಯ, ಒಬ್ಬರಿಗೆ ಕಡಿತ, ಒಂದು ನಾಯಿ ಹೊರಗೆ ಓಡಿದ್ದು. ಅದರಲ್ಲಿ ಹನಿಯ ಹೆಸರೇ ಇರಲಿಲ್ಲ.

ಹನಿಯನ್ನು ಯಾವ ನಾಯಿಯೂ ಮುಟ್ಟಿರಲಿಲ್ಲ. ಗಲಾಟೆ ಶುರುವಾದಾಗ ಅದು ಬೆಂಚಿನ ಕೆಳಗೆ ಸೇರಿಕೊಂಡಿತ್ತು, ಎಲ್ಲ ಮುಗಿದ ಮೇಲೆ ಮನೆಯವರು ಎತ್ತಿಕೊಂಡು ಹೋದರು. ಕೆಲವು ದಿನಗಳ ನಂತರ ಅವರ ಫೋನ್ ಬಂತು. ಪಾರ್ಕಿನ ದಾರಿಗೆ ತಿರುಗಿದರೆ ನೆಲಕ್ಕೆ ಅಂಟಿ ಕೂರುತ್ತದೆ, ಲಿಫ್ಟಿನಲ್ಲಿ ಇನ್ನೊಂದು ನಾಯಿ ಇದ್ದರೆ ಒಳಗೆ ಬರುವುದಿಲ್ಲ, ಮೊದಲು ಬಾಲ ಅಲ್ಲಾಡಿಸುತ್ತಿದ್ದ ಬ್ರೂನೋನನ್ನು ಕಂಡು ಈಗ ಹಲ್ಲು ತೋರಿಸುತ್ತದೆ ಎಂದರು. "ಇನ್ನಷ್ಟು ಸೋಷಿಯಲೈಸ್ ಮಾಡಬೇಕಲ್ಲವೇ? ಪಾರ್ಕಿಗೆ ದಿನವೂ ಕರೆತರಲೇ?" ಎಂದು ಕೇಳಿದರು. ಅವರ ದನಿಯಲ್ಲಿದ್ದ ಕಾಳಜಿ ನಿಜವಾದದ್ದು. ಬೇಡ ಎಂದೆ, ಕಾರಣ ಹೇಳಲು ಅರ್ಧ ಗಂಟೆ ಹಿಡಿಯಿತು.

ಆ ಕಾರಣವೇ ಈ ಬರಹದ ತಿರುಳು. ನಾಯಿಮರಿ ಲೋಕವನ್ನು ಸಲೀಸಾಗಿ ಒಪ್ಪಿಕೊಳ್ಳುವ ಕಾಲ ಬಹಳ ಚಿಕ್ಕದು. ಅಮೆರಿಕದ ಜಾಕ್ಸನ್ ಪ್ರಯೋಗಾಲಯದಲ್ಲಿ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ವರ್ಷಗಟ್ಟಲೆ ಮರಿಗಳನ್ನು ಗಮನಿಸಿ, ಅದು ಸುಮಾರು 3ನೆಯ ವಾರದಿಂದ 12ನೆಯ ವಾರದವರೆಗೆ ಎಂದು ತೋರಿಸಿದರು. ಆಮೇಲೆ ಹೊಸದರ ಮೇಲಿನ ಅನುಮಾನ ಮೆಲ್ಲಗೆ ಮೇಲುಗೈ ಪಡೆಯುತ್ತದೆ. ನಮ್ಮಲ್ಲಿ ಆಗುವುದೇನು? ಲಸಿಕೆ ಪೂರ್ತಿಯಾಗುವವರೆಗೆ ಮರಿಯನ್ನು ಮನೆಯೊಳಗೆ ಕೂಡಿಹಾಕುತ್ತೇವೆ. 4 ತಿಂಗಳಾದ ಮೇಲೆ ಒಂದೇ ಸಲಕ್ಕೆ ಪಾರ್ಕಿಗೆ ಬಿಡುತ್ತೇವೆ. ಮಾತು ಕಲಿಯುವ ಮಗುವನ್ನು ಜಾತ್ರೆಯ ನಡುವೆ ಬಿಟ್ಟು ಬಂದಂತೆ ಇದು.

ಲಸಿಕೆಯ ಭಯ ಸುಳ್ಳಲ್ಲ. ಮರಿಗಳಿಗೆ ಜೀವ ತೆಗೆಯುವಂಥ ವಾಂತಿಭೇದಿ ತರುವ ಪಾರ್ವೊ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ, ಹತ್ತಾರು ನಾಯಿಗಳು ಮಲ ಹಾಕುವ ಜಾಗ ಅದಕ್ಕೆ ಹೇಳಿ ಮಾಡಿಸಿದ್ದು. ಉಣ್ಣಿ ಹುಳುವಿನಿಂದ ಬರುವ ಟಿಕ್ ಫೀವರ್ ಬೆಂಗಳೂರಿನ ಪಶುವೈದ್ಯರಿಗೆ ನಿತ್ಯದ ಕೆಲಸ. ಆದರೆ ಮನೆಯಲ್ಲಿ ಕೂಡಿಹಾಕುವುದು ಮತ್ತು ಪಾರ್ಕಿಗೆ ಬಿಡುವುದು ಇವೆರಡರ ನಡುವೆ ದೊಡ್ಡ ಜಾಗವಿದೆ. ಮೊದಲ ಸುತ್ತಿನ ಲಸಿಕೆಯೂ ಜಂತುಹುಳುವಿನ ಔಷಧಿಯೂ ಆಗಿ ಒಂದು ವಾರ ಕಳೆದರೆ 7–8 ವಾರದ ಮರಿಯನ್ನೂ ಶುಚಿಯಾದ ಪಪ್ಪಿ ತರಗತಿಗೆ ತರಬಹುದು ಎಂದು ಅಮೆರಿಕದ ಪಶು ವರ್ತನಾ ವೈದ್ಯರ ಸಂಘವೇ ಹೇಳಿದೆ. ತರಗತಿ ಹತ್ತಿರವಿಲ್ಲದಿದ್ದರೆ ಮರಿಯನ್ನು ಎತ್ತಿಕೊಂಡು ಬಸ್ ನಿಲ್ದಾಣದ ಪಕ್ಕ ನಿಲ್ಲಿ. ಹೂವಿನವರು, ಆಟೋ, ಶಾಲೆಯ ಮಕ್ಕಳು, ಕೊಡೆ ಹಿಡಿದವರು, ದೂರದಲ್ಲಿ ಹಾದುಹೋಗುವ ಬೀದಿನಾಯಿ, ಎಲ್ಲವನ್ನೂ ನಿಮ್ಮ ತೋಳಿನ ಭದ್ರತೆಯಲ್ಲಿ ನೋಡಲಿ. ಬೇರೆ ನಾಯಿಯನ್ನು ಕಂಡೂ ನಿರಾತಂಕವಾಗಿ ನಿಮ್ಮ ಕಡೆ ತಿರುಗುವುದನ್ನು ಮರಿ ಕಲಿತರೆ ಅದೇ ಬೆರೆಯುವ ಗುಣ. ಕಂಡ ನಾಯಿಯನ್ನೆಲ್ಲ ಮೂಸಿ ಆಡಲೇಬೇಕು ಎಂಬುದು ಆ ಗುಣವಲ್ಲ. ಅದು ಮುಂದೆ ಲೀಶ್ ಎಳೆದು ಬೊಗಳುವ ಚಾಳಿಗೆ ತಿರುಗುತ್ತದೆ.

ಡಾಗ್ ಪಾರ್ಕ್ ಹುಟ್ಟಿದ್ದಾದರೂ ಬೇರೆ ಕಾರಣಕ್ಕೆ. ಅಮೆರಿಕದ ಬರ್ಕ್ಲಿಯಲ್ಲಿ 1979ರಲ್ಲಿ ಆರಂಭವಾದ ಓಲೋನಿ ಪಾರ್ಕನ್ನು ಅಲ್ಲಿನ ಮೊದಲನೆಯದೆಂದು ಹೇಳುತ್ತಾರೆ. ಊರಿನ ನಾಯಿಗೆ ಲೀಶ್ ಬಿಚ್ಚಿ ಓಡಲು ಜಾಗ ಬೇಕಿತ್ತು, ಕೊಟ್ಟರು. ಹೈದರಾಬಾದಿನ ಕೊಂಡಾಪುರದಲ್ಲಿ ಅಲ್ಲಿನ ಮಹಾನಗರಪಾಲಿಕೆ 2018ರಲ್ಲಿ ತೆರೆದ ಪಾರ್ಕೂ ಜನರಿಗೆ ಹಿಡಿಸಿದ್ದು ಅದಕ್ಕೇ. ಓಡಲು ಜಾಗ ಕೊಡುವುದು ಒಳ್ಳೆಯ ಕೆಲಸ, ಬೇಲಿಯಿಂದ ಆಗುವುದೂ ಅಷ್ಟು ಮಾತ್ರ. ಬ್ರೂನೋ ಥರದ, ರಿಕಾಲ್ ಬರುವ, ಬೇರೆ ನಾಯಿ ಬೇಡವೆಂದರೆ ಸುಮ್ಮನೆ ದೂರ ಸರಿಯುವ ನಾಯಿಗೆ ಪಾರ್ಕ್ ಸುಖದ ಜಾಗ. ಹೆದರುವ ನಾಯಿಗೆ, ಮೈಮೇಲೆ ಬೀಳುವ ನಾಯಿಗೆ, ಮರಿಗೆ ಅದು ಪಾಠಶಾಲೆಯಲ್ಲ. ಅಲ್ಲಿ ಪಾಠ ಹೇಳುವುದು ಅಂದು ಒಳಗೆ ಬಂದ ಯಾವುದೋ ಒಂದು ನಾಯಿ, ಅದು ಯಾವುದೆಂದು ಆರಿಸುವ ಅವಕಾಶ ನಮಗಿಲ್ಲ.

ಮ್ಯಾನೇಜ್‌ಮೆಂಟ್ ಕಮಿಟಿಯ ಸಭೆಯಲ್ಲಿ ಗೇಟಿನ ಮಾತು ಕೊನೆಗೂ ಬರಲಿಲ್ಲ. "ಬೇಟೆ ನಾಯಿಯನ್ನು ಅಪಾರ್ಟ್‌ಮೆಂಟಿನಿಂದಲೇ ಹೊರಹಾಕಿ" ಎಂಬ ಮಾತು ಬಂತು. ತಳಿ, ಗಾತ್ರ ನೋಡಿ ಸಾಕುನಾಯಿಗಳನ್ನು ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಮಾರ್ಗಸೂಚಿ ಹೇಳುತ್ತದೆ. ಅದನ್ನು ಅಚ್ಚು ಹಾಕಿಸಿ ಮೇಜಿನ ಮೇಲಿಟ್ಟೆ. ಬಾಜಿಯ ಮನೆಯವರು ತಲೆ ತಗ್ಗಿಸಿ ಕೂತಿದ್ದರು. ಅವರ ಪರವಾಗಿ ನನಗೆ ಸಿಟ್ಟು ಬಂತು. ಮುಧೋಳ ನಮ್ಮ ನೆಲದ ತಳಿ. ಮುಧೋಳ ಸಂಸ್ಥಾನದ ದೊರೆ ಮಾಲೋಜಿರಾವ್ ಘೋರ್ಪಡೆ ಅದನ್ನು ಉಳಿಸಿ ಬೆಳೆಸಿದರು, ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯ ಮುಧೋಳದ ಹತ್ತಿರದ ತಿಮ್ಮಾಪುರದಲ್ಲಿ ಅದಕ್ಕೆಂದೇ ಸಂಶೋಧನಾ ಕೇಂದ್ರ ನಡೆಸುತ್ತಿದೆ, 2005ರಲ್ಲಿ ಅಂಚೆ ಚೀಟಿಯ ಮೇಲೂ ಬಂತು. ಬಯಲಿನಲ್ಲಿ ಮೊಲ ಕಂಡರೆ ಸದ್ದಿಲ್ಲದೆ ಅಟ್ಟಿ ಹಿಡಿಯಲೆಂದು ತಲೆತಲಾಂತರದಿಂದ ಆರಿಸಿ ಬೆಳೆಸಿದ ನಾಯಿಯ ಮುಂದೆ, ಬಿಳಿಯ ಕೂದಲಿನ ಒಂದು ಸಣ್ಣ ಜೀವವನ್ನು ನಾಲ್ಕು ಗೋಡೆಗಳ ನಡುವೆ ಓಡಲು ಬಿಟ್ಟವರು ನಾವು ಮನುಷ್ಯರು. ಈಗ ಬಾಜಿಗೆ ನಸುಕಿನಲ್ಲಿ ಪಾರ್ಕ್ ಖಾಲಿ ಇರುವಾಗ ಬ್ರೂನೋ ಜೊತೆಗಷ್ಟೇ ಓಟ. ಮೂತಿಗೆ ಬುಟ್ಟಿಯಂಥ ಬಾಯಿಕುಕ್ಕೆ (ಮಝಲ್) ಅಭ್ಯಾಸ ಮಾಡಿಸಿದ್ದೇವೆ. ಅದರೊಳಗೂ ನಾಲಿಗೆ ಚಾಚಿ ಏದುಸಿರು ಬಿಡಬಹುದು, ನೀರು ಕುಡಿಯಬಹುದು.

ಹನಿಗೆ ಬೇರೆ ದಾರಿ ಹಿಡಿದೆವು. ಕಬ್ಬನ್ ಪಾರ್ಕಿಗೆ ಸಾಕುನಾಯಿಗಳನ್ನು ತರಬಾರದೆಂಬ ಪ್ರಸ್ತಾಪ 2022ರಲ್ಲಿ ಬಂದಾಗ ನಾನು ವಿರೋಧಿಸಿದ್ದೆ, ಇಂಥ ಮರಿಗಳ ಸಲುವಾಗಿಯೇ. ಅಲ್ಲಿ ಲೀಶ್ ಕಟ್ಟಿ ದೂರ ಕಾಯ್ದುಕೊಳ್ಳಲು ಬೇಕಾದಷ್ಟು ಜಾಗವಿದೆ. ಬಿದಿರು ಮೆಳೆಯ ಪಕ್ಕ ಲಾಂಗ್ ಲೈನ್ ಎಂಬ ಉದ್ದನೆಯ ಹಗ್ಗ ಹಾಕಿ ಕೂರುತ್ತೇವೆ. ದೂರದಲ್ಲಿ ನಾಯಿ ಹೋಗುತ್ತದೆ, ಹನಿ ನೋಡುತ್ತದೆ, ಬೇಯಿಸಿದ ಕೋಳಿಯ ಚೂರು ಸಿಗುತ್ತದೆ. ಅದು ತುಟಿ ನೆಕ್ಕಿಕೊಂಡರೆ, ಕಣ್ಣಿನ ಬಿಳಿ ಕಾಣಿಸಿದರೆ ಇನ್ನಷ್ಟು ಹಿಂದೆ ಸರಿಯುತ್ತೇವೆ. ನಿಧಾನದ ಕೆಲಸ ಇದು. ಮನೆಯವರು ತಾಳ್ಮೆ ಕಳೆದುಕೊಂಡ ದಿನಗಳೂ ಇವೆ. ನಾನು ಅವರನ್ನು ದೂರುವುದಿಲ್ಲ.

ನನ್ನ ರಿಪೋರ್ಟಿನ ನಮೂನೆಯಲ್ಲಿ ಈಗ ಒಂದು ಸಾಲು ಹೆಚ್ಚಾಗಿದೆ: ಜಗಳದ ಹೊತ್ತಿನಲ್ಲಿ ಒಳಗಿದ್ದ, ಗಾಯವಾಗದ ನಾಯಿಗಳ ಹೆಸರು ಮತ್ತು ವಯಸ್ಸು. ಆ ನಾಯಿಗಳ ಮನೆಯವರಿಗೆಲ್ಲ ಆ ವಾರವೇ ಫೋನ್ ಮಾಡುತ್ತೇನೆ. ಎರಡನೆಯ ಗೇಟಿನ ಕೊಟೇಶನ್ ಇನ್ನೂ ಖಜಾಂಚಿಯ ಮೇಜಿನ ಮೇಲಿದೆ. ಅದು ಬರುವವರೆಗೆ ಒಂದು ವರ್ಷದೊಳಗಿನ ಯಾವ ಮರಿಯನ್ನೂ ನನ್ನ ಪಾಳಿಯಲ್ಲಿ ಆ ಬೇಲಿಯೊಳಗೆ ಬಿಡುವುದಿಲ್ಲ ಎಂದು ಬರೆದುಕೊಟ್ಟು, ಕಮಿಟಿಯ ಸಹಿ ಹಾಕಿಸಿಕೊಂಡಿದ್ದೇನೆ.