ಲಿವರ್ ಕಲ್ಲಿನ ಹಾಗಿತ್ತು, ಸೈಕಲ್ ನಿಲ್ಲಲಿಲ್ಲ

ಶಿರಸಿಯಲ್ಲಿ ಸೈಕಲ್ ರಿಪೇರಿ ನನ್ನ ಕೆಲಸ. ಲಿವರ್ ಒತ್ತಿದಾಗ ಗಟ್ಟಿ ಇದ್ದರೆ ಬ್ರೇಕ್ ಸರಿಯಾಗಿದೆ ಎಂದು ಬಹಳ ದಿನ ನಂಬಿದ್ದೆ. ಅದು ತಪ್ಪು ಎಂದು ಗೊತ್ತಾಗಿದ್ದು ಕುಮಟಾದ ಒಬ್ಬ ಮಾಸ್ತರರ ಸೈಕಲ್ಲಿನಿಂದ.

ಅವರದು ಹಳೆಯ ಸೈಕ್ಲೋಕ್ರಾಸ್ ಬೈಕ್, ಅಂದರೆ ಕೆಸರು, ಹುಲ್ಲು, ಮಣ್ಣಿನ ದಾರಿಯ ರೇಸಿಗೆ ಮಾಡಿದ ಸೈಕಲ್. ಬಾಗಿದ ಹ್ಯಾಂಡಲ್, ಉಬ್ಬುಗಳಿರುವ ಬಟನ್ ಟೈರ್, ಕ್ಯಾಂಟಿಲಿವರ್ ಬ್ರೇಕ್. ಸೈಕ್ಲೋಕ್ರಾಸ್ ರೇಸಿಗೆ ಡಿಸ್ಕ್ ಬ್ರೇಕ್ ಬಳಸಲು ಅಂತಾರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಯುಸಿಐ ಒಪ್ಪಿದ್ದು 2010ರಲ್ಲಿ. ಇದು ಅದಕ್ಕಿಂತ ಹಿಂದಿನದು.

ಈ ಬ್ರೇಕಿನಲ್ಲಿ ರಿಮ್ಮಿನ ಆಚೆ ಈಚೆ ಇರುವ ಎರಡು ತೋಳುಗಳನ್ನು ಒಂದು ಅಡ್ಡ ವೈರ್ ಸೇರಿಸುತ್ತದೆ. ಅದರ ನಡುವೆ ಒಂದು ಕೊಂಡಿ. ಲಿವರ್ ಒತ್ತಿದರೆ ಕೊಂಡಿ ಮೇಲೇಳುತ್ತದೆ, ತೋಳುಗಳಲ್ಲಿರುವ ರಬ್ಬರ್ ಶೂಗಳು ರಿಮ್ಮನ್ನು ಹಿಡಿಯುತ್ತವೆ. ನಾನು ಕೊಂಡಿಯನ್ನು ತುಂಬಾ ಮೇಲೆ ಕಟ್ಟಿದ್ದೆ. ಸ್ಟ್ಯಾಂಡ್ ಮೇಲೆ ಲಿವರ್ ಒತ್ತಿ ನೋಡಿ ಖುಷಿಯಿಂದಲೇ ಗಾಡಿ ಕೊಟ್ಟೆ.

ಶಿರಸಿಯಿಂದ ಕುಮಟಾಕ್ಕೆ ದೇವಿಮನೆ ಘಟ್ಟ ಇಳಿಯಬೇಕು. ವಾರ ಕಳೆದು ಮಾಸ್ತರು ಬಂದರು. “ತಮಾ, ಲಿವರ್ ಕಲ್ಲಿನ ಹಾಗಿದೆ, ಸೈಕಲ್ ಮಾತ್ರ ನಿಲ್ಲೋದಿಲ್ಲ. ತಿರುವಿನಲ್ಲಿ ಜೀವ ಬಾಯಿಗೆ ಬಂದಿತ್ತು” ಎಂದರು. ನನಗೆ ತುಂಬಾ ಬೇಸರವಾಯಿತು. ರಬ್ಬರ್ ಬದಲಿಸಿದೆ, ಪ್ರಯೋಜನ ಆಗಲಿಲ್ಲ.

ಆ ಸಂಜೆ ಕೊಂಡಿಯನ್ನು ಸ್ವಲ್ಪ ಸ್ವಲ್ಪವೇ ಇಳಿಸುತ್ತಾ, ಪ್ರತಿ ಸಲ ನಾನೇ ಇಳಿಜಾರಿನಲ್ಲಿ ಓಡಿಸಿ ನೋಡಿದೆ. ಕೊಂಡಿ ಮೇಲಿದ್ದರೆ ಶೂ ಬೇಗ ಓಡುತ್ತದೆ, ಆದರೆ ಒತ್ತುವ ಬಲ ಕಡಿಮೆ. ಲಿವರ್ ಗಟ್ಟಿ ಅನ್ನಿಸುವುದು ಅದಕ್ಕೇ. ಕೊಂಡಿ ಕೆಳಗೆ ಬಂದಷ್ಟೂ ಬಲ ಜಾಸ್ತಿ. ಲಿವರ್ ಮೆತ್ತಗಾಗುತ್ತದೆ, ಶೂವನ್ನು ರಿಮ್ಮಿಗೆ ಹತ್ತಿರ ಇಡಬೇಕಾಗುತ್ತದೆ. ಹಾಗಂತ ತೀರಾ ಕೆಳಗೂ ಬೇಡ. ಮುಖ್ಯ ಕೇಬಲ್ ತುಂಡಾದರೆ ಅಡ್ಡ ವೈರ್ ಬಟನ್ ಟೈರಿಗೆ ಸಿಕ್ಕಿ ಮುಂದಿನ ಚಕ್ರ ಒಮ್ಮೆಲೇ ನಿಂತುಬಿಡಬಹುದು. ಟೈರಿನಿಂದ ಎರಡು ಬೆರಳಾದರೂ ಮೇಲಿರಲಿ. ಮಡ್‌ಗಾರ್ಡ್ ಇದ್ದರೆ ಇನ್ನೂ ಒಳ್ಳೆಯದು, ವೈರ್ ಅದರ ಮೇಲೆ ಬೀಳುತ್ತದೆ.

ಈಗ ಸೈಕಲ್ ನಿಂತಿತು. ಆದರೆ ಜೋರಾಗಿ ಹಿಡಿದರೆ ಮುಂದಿನ ಫೋರ್ಕ್ ಗಡಗಡ ನಡುಗುತ್ತಿತ್ತು! ಶೂವಿನ ಮುಂದಿನ ತುದಿ ಮೊದಲು ತಾಗುವಂತೆ, ಹಿಂದಿನ ತುದಿಗೆ ವಿಸಿಟಿಂಗ್ ಕಾರ್ಡ್ ಇಟ್ಟು ಬಿಗಿದೆ. ಸ್ವಲ್ಪ ಕಡಿಮೆಯಾಯಿತು, ಅಷ್ಟೇ. ಅಸಲು ಕಾರಣ ಕೇಬಲ್ ಹಿಡಿಯುವ ಹ್ಯಾಂಗರ್. ಅದು ಹ್ಯಾಂಡಲ್ ಬುಡದಲ್ಲಿತ್ತು. ಬ್ರೇಕ್ ಹಿಡಿದಾಗ ಫೋರ್ಕ್ ಹಿಂದಕ್ಕೆ ಬಾಗುತ್ತದೆ, ಕೇಬಲ್ ತಾನಾಗಿ ಇನ್ನಷ್ಟು ಬಿಗಿಯುತ್ತದೆ, ಫೋರ್ಕ್ ಮತ್ತೂ ಬಾಗಿ ಶೂ ಜಾರುತ್ತದೆ. ಮತ್ತೆ ಅದೇ ಕಥೆ. ಹ್ಯಾಂಗರನ್ನು ಫೋರ್ಕಿನ ಕುತ್ತಿಗೆಗೇ ಕೂರಿಸಿದ ಮೇಲೆ ನಡುಕ ನಿಂತಿತು.

“ವಿ ಬ್ರೇಕ್ ಹಾಕಿದ್ರೆ ಆಗ್ತಿತ್ತಲ್ವಾ?” ಎಂದು ಮಾಸ್ತರು ಕೇಳಿದರು. ವಿ ಬ್ರೇಕಿನಲ್ಲಿ ನಡುವಿನ ಕೊಂಡಿ ಇಲ್ಲ, ಕೇಬಲ್ ಬದಿಯಿಂದ ಬಂದು ಎರಡು ತೋಳುಗಳ ತುದಿಯನ್ನು ನೇರವಾಗಿ ಎಳೆಯುತ್ತದೆ. ಆದರೆ ಮಾಮೂಲಿ ವಿ ಬ್ರೇಕಿನ ಉದ್ದ ತೋಳಿಗೆ ಬಾಗಿದ ಹ್ಯಾಂಡಲಿನ ಲಿವರ್ ಎಳೆಯುವಷ್ಟು ಕೇಬಲ್ ಸಾಲುವುದಿಲ್ಲ. ಅದಕ್ಕೆ 80ರಿಂದ 90 ಮಿಲಿಮೀಟರ್ ತೋಳಿನ ಮಿನಿ ವಿ ಬೇಕು. ಬಲ ಚೆನ್ನಾಗಿದೆ, ಹ್ಯಾಂಗರಿನ ಗೊಡವೆ ಇಲ್ಲ, ನಡುಕವೂ ಕಡಿಮೆ. ಡಾಂಬರು ರಸ್ತೆಯಲ್ಲೇ ಘಟ್ಟ ಹತ್ತಿ ಇಳಿಯುವವರಿಗೆ ನಾನು ಅದನ್ನೇ ಹೇಳುತ್ತೇನೆ. ಆದರೆ ಶೂ ರಿಮ್ಮಿಗೆ ತೀರಾ ಹತ್ತಿರ ಕೂರುತ್ತದೆ. ರಿಮ್ ಚೂರು ಔಟ್ ಆದರೂ ಉಜ್ಜುತ್ತದೆ, ಕೆಂಪು ಕೆಸರು ಬೇಗ ಕಟ್ಟಿಕೊಳ್ಳುತ್ತದೆ. ಮಾಸ್ತರು ಮಳೆಗಾಲದಲ್ಲೂ ಯಾಣದ ಕಡೆ ಮಣ್ಣು ದಾರಿ ಬಿಡುವವರಲ್ಲ. ಅವರಿಗೆ ಕ್ಯಾಂಟಿಲಿವರೇ ಸರಿ.

ಇನ್ನೊಂದು, ನಮ್ಮ ಜಂಬಿಟ್ಟಿಗೆ ಮಣ್ಣು ರಿಮ್ಮನ್ನು ತಿನ್ನುತ್ತದೆ. ಶೂವಿನಲ್ಲಿ ಸಿಕ್ಕ ಹರಳು, ಅಲ್ಯೂಮಿನಿಯಂ ಚೂರುಗಳನ್ನು ದಬ್ಬಣದಿಂದ ಕೀಳಬೇಕು. ಮಾಸ್ತರರ ಹಿಂದಿನ ರಿಮ್ ಬೆರಳಿಟ್ಟರೆ ಗೊತ್ತಾಗುವಷ್ಟು ಒಳಗೆ ಸವೆದಿತ್ತು. ಹಾಗೇ ಓಡಿಸಿದರೆ ಒಂದು ದಿನ ಗಾಳಿಯ ಒತ್ತಡಕ್ಕೆ ಸೀಳಿಬಿಡುತ್ತದೆ. “ಈ ಸಲ ರಿಮ್ ಬದಲಿಸದೆ ಕಳಿಸೋದಿಲ್ಲ ಮಾಸ್ತರೇ” ಎಂದೆ. ಅವರು ಸೈಕಲ್ ಇಲ್ಲೇ ಬಿಟ್ಟು ಬಸ್ಸಿನಲ್ಲಿ ಕುಮಟಾಕ್ಕೆ ಹೋದರು.